ಹಳೆಯ ಮರದ ಹಾಸುಬಿಲ್ಲೆಗಳ ಡಾಂಬರು ತೆಗೆಯುವ ಬಗೆ

ನಮ್ಮ ಸಂಘದ ಸದಸ್ಯರಾದ ಸೊರಬದ ಕಡೆಯ ಬೆಳೆಗಾರರೊಬ್ಬರು ಹೋದ ತಿಂಗಳು ಕಛೇರಿಗೆ ಬಂದಾಗ, ಚೀಲದಿಂದ ಒಂದು ಮರದ ತುಂಡನ್ನು ತೆಗೆದು ಮೇಜಿನ ಮೇಲಿಟ್ಟು, “ಈ ಕರೀದು ಹೋಗೋದು ಹ್ಯಾಂಗೆ ಮಾರಾಯ್ರೆ?” ಎಂದು ಕೇಳಿದರು. ಪಟ್ಟಣದಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿದಾಗ ನೆಲಕ್ಕೆ ಹಾಸಿದ್ದ ತೇಗದ ಬಿಲ್ಲೆಗಳನ್ನು ಅವರು ಕೊಂಡು ತಂದಿದ್ದರು. ಒಂಬತ್ತು ಇಂಚು ಉದ್ದ, ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಮರವೇನೋ ಬಂಗಾರದಂಥದು. ಆದರೆ ಅಡಿಯಲ್ಲಿ ಕಾಲು ಇಂಚು ಡಾಂಬರು. ಇವನ್ನು ಉಪ್ಪರಿಗೆಗೂ, ಮಿಕ್ಕಿದ್ದನ್ನು ಅಡಕೆ, ಕಾಫಿ ಇಡುವ ಕೋಣೆಗೂ ಹಾಸುವುದು ಅವರ ಯೋಚನೆ. ಇದೇ ಪ್ರಶ್ನೆ ಇನ್ನೂ ಕೆಲವರಿಗೆ ಇರಬಹುದೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಡಾಂಬರು ಅಲ್ಲಿಗೆ ಬಂದದ್ದು ಹೇಗೆ?

ನಮ್ಮ ಮನೆಗಳಲ್ಲಿ ನೆಲಕ್ಕೆ ಸಗಣಿಯೋ ಗಾರೆಯೋ, ಹಲಗೆ ಏನಿದ್ದರೂ ಅಟ್ಟಕ್ಕೆ. ನೆಲಕ್ಕೆ ಮರದ ಬಿಲ್ಲೆ ಹಾಸುವ ಪದ್ಧತಿ ಬಂದದ್ದು ಬಂಗಲೆ, ಕಛೇರಿಗಳ ಜೊತೆಗೆ. ಕಾಂಕ್ರೀಟಿನ ಮೇಲೆ ಕಾಯಿಸಿದ ಡಾಂಬರು ಸುರಿದು, ಬಿಲ್ಲೆಯ ಅಡಿಯನ್ನೂ ಅದರಲ್ಲಿ ಅದ್ದಿ, ಚಾಪೆಯ ಹೆಣಿಗೆಯಂತೆ ಓರೆಯಾಗಿ ಕೂರಿಸುತ್ತಿದ್ದರು. ಡಾಂಬರು ಅಂಟೂ ಆಯಿತು, ನೆಲದ ಥಂಡಿ ಮೇಲೇರದಂತೆ ತಡೆಯೂ ಆಯಿತು. ಒರಲೆಗೆ ಹೆದರಿ ನಮ್ಮ ಹಿರಿಯರು ಕಂಬದ ಬುಡಕ್ಕೆ ಗೇರೆಣ್ಣೆಯನ್ನೋ ಡಾಂಬರನ್ನೋ ಬಳಿಯುತ್ತಿದ್ದುದೂ ಇಂಥದೇ ಉಪಾಯ.

ಮೊದಲು ಗುರುತು ಹಿಡಿಯಿರಿ

ನಾವು ಡಾಂಬರು ಎನ್ನುವ ಒಂದೇ ಹೆಸರಿನಲ್ಲಿ ಎರಡು ಸಾಮಾನುಗಳಿವೆ. ಒಂದು, ಕಚ್ಚಾ ಎಣ್ಣೆಯನ್ನು ಭಟ್ಟಿ ಇಳಿಸಿದ ಮೇಲೆ ಉಳಿಯುವ ಬಿಟುಮೆನ್. ಇಂದು ರಸ್ತೆಗೆ ಹಾಕುವುದು ಇದನ್ನೇ. ಇನ್ನೊಂದು, ಕಲ್ಲಿದ್ದಲಿನಿಂದ ಬರುವ ಟಾರು. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಗೆ ಡಾಂಬರು ಗುಳಿಗೆ ಎಂಬ ಹೆಸರು ಬಂದದ್ದು ಈ ಎರಡನೆಯದರಿಂದ. ಆ ವಾಸನೆ ಬಂದರೆ ಅದು ಕಲ್ಲಿದ್ದಲ ಟಾರೆಂದೇ ತಿಳಿಯಬೇಕು. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ನಿಶ್ಚಿತವಾಗಿದೆ.

ಅನುಮಾನವಿದ್ದರೆ ಒಂದು ಪರೀಕ್ಷೆ ಮಾಡಬಹುದು. ಸಣ್ಣ ಗಾಜಿನ ಬಾಟಲಿಗೆ ಬಣ್ಣದಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಹಾಕಿ, ಅದರಲ್ಲಿ ಕಡಲೆಕಾಳಿನಷ್ಟು ಚೂರನ್ನು ಬಿಟ್ಟು, ಆಗಾಗ ಅಲ್ಲಾಡಿಸಿ ಒಂದೆರಡು ಗಂಟೆ ಇಡಿ. ಬಿಟುಮೆನ್ ಆದರೆ ಕರಗಿ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಟಾರು ಅಷ್ಟಾಗಿ ಕರಗುವುದಿಲ್ಲ. ದ್ರವ ತೆಳು ಚಹದಂತೆ ಹಳದಿಯಾಗಿ ನಿಲ್ಲುತ್ತದೆ. ಟಾರಿನ ಬಿಲ್ಲೆಗಳನ್ನೂ, ಕ್ರಿಯೋಸೋಟ್ ಕುಡಿದ ಹಳೆಯ ರೈಲು ಸ್ಲೀಪರುಗಳನ್ನೂ ಮನೆಯೊಳಗೆ ಬಳಸದಿರುವುದೇ ಕ್ಷೇಮ.

ನಾನು ಮಾಡಿದ ತಪ್ಪುಗಳು

ಕೆಲವು ವರ್ಷಗಳ ಹಿಂದೆ ನಾನೂ ಇಂಥ ಬಿಲ್ಲೆಗಳನ್ನು ತಂದಿದ್ದೆ. ಮೊದಲು ಯಂತ್ರದ ತೋಪಡಕ್ಕೆ ಕೊಟ್ಟೆ. ಬಿಸಿಗೆ ಡಾಂಬರು ಕರಗಿ ಅಲಗಿಗೆ ಮೆತ್ತಿತು. ಅದರಲ್ಲಿ ಸೇರಿದ್ದ ಮರಳಿಗೆ ಅಲಗು ಮೊಂಡಾಯಿತು. ಅನಂತರ ಸೀಮೆಎಣ್ಣೆ ಸುರಿದು ಉಜ್ಜಿಸಿದೆ. ಕರಗಿದ ಕಪ್ಪೆಲ್ಲ ಮರದ ಎಳೆಗಳೊಳಗೆ ಇಳಿಯಿತು. ಇಷ್ಟಾದ ಮೇಲೂ ಅವನ್ನು ದಾಸ್ತಾನು ಕೋಣೆಗೆ ಹಾಸಿದೆ. ಆ ವರ್ಷ ಅಲ್ಲಿಟ್ಟ ಕಾಫಿಗೆ ಎಣ್ಣೆಯ ವಾಸನೆ ಹಿಡಿದು, ವ್ಯಾಪಾರಿ ಮೂಸಿ ನೋಡಿ ಚೀಲವನ್ನು ಪಕ್ಕಕ್ಕಿಟ್ಟರು. ಕಾಫಿಬೀಜ ಸುತ್ತಲ ವಾಸನೆಯನ್ನು ಬೇಗ ಹೀರುತ್ತದೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಮರದ ಆಸೆಗೆ ಮರೆತೆ. ಒಂದು ವರ್ಷದ ಬೆಳೆಯ ಬೆಲೆ ಹೋಯಿತು.

ಸರಿಯಾದ ಕ್ರಮ

ಡಾಂಬರು ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಗಾಜಿನಂತೆ ಒಡೆಯುತ್ತದೆ. ರಸ್ತೆಯ ಡಾಂಬರು ಸುಮಾರು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಧನುರ್ಮಾಸದ ಬೆಳಗಿನ ಜಾವವೇ ಪ್ರಶಸ್ತ. ಬಿಲ್ಲೆಗಳನ್ನು ಮಾಡಿನ ಕೆಳಗೆ, ಇಬ್ಬನಿ ಬೀಳದಂತೆ ರಾತ್ರಿ ಹರವಿಟ್ಟು, ಬಿಸಿಲೇರುವ ಮೊದಲೇ ಕೂರಬೇಕು. ಮೊಂಡು ಉಳಿಯನ್ನು ಓರೆಯಾಗಿ ಹಿಡಿದು ಕೊಡತಿಯಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಟಮಾರಿ ಬಿಲ್ಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ನಾಲ್ಕಾರು ಗಂಟೆ ಇಟ್ಟು ತೆಗೆಯಬಹುದು. ನನ್ನ ಅನುಭವದಲ್ಲಿ ಒಬ್ಬ ಆಳು ಗಂಟೆಗೆ 12ರಿಂದ 15 ಬಿಲ್ಲೆ ಮಾಡಬಲ್ಲ. ಚಕ್ಕೆ ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ಚೀಲ ಕಡ್ಡಾಯ.

ಇಲ್ಲಿ ಒಂದು ಗುಟ್ಟಿದೆ. ಅಡಿಯ ಮೈ ಫಳಫಳ ಹೊಳೆಯಬೇಕಾಗಿಲ್ಲ. ಅದನ್ನು ಯಾರೂ ನೋಡುವುದಿಲ್ಲ. ಬಿಲ್ಲೆ ಸಮನಾಗಿ ಕೂತರೆ, ಹೊಸ ಅಂಟು ಹಿಡಿದರೆ ಸಾಕು. ಆದರೆ ನಾಲ್ಕು ಪಕ್ಕಗಳು, ಅದರಲ್ಲೂ ನಾಲಿಗೆ ಮತ್ತು ಗಾಡಿ, ಪೂರ್ತಿ ಸ್ವಚ್ಛವಾಗಬೇಕು. ಅಲ್ಲಿ ಒಂದು ಕಾಳು ಡಾಂಬರು ಉಳಿದರೂ ಸಾಲು ಸಾಲೇ ಓರೆಯಾಗುತ್ತದೆ. ತೆಳು ಪೊರೆ ಉಳಿದ ಮೈಗೆ ಎಲ್ಲ ಅಂಟೂ ಹಿಡಿಯುವುದಿಲ್ಲವಾದ್ದರಿಂದ ಡಬ್ಬಿಯ ಮೇಲಿನ ಸೂಚನೆ ಓದಿ, ನಾಲ್ಕು ಬಿಲ್ಲೆ ಅಂಟಿಸಿ ಪರೀಕ್ಷಿಸಿಯೇ ಮುಂದುವರಿಯಿರಿ.

ಕಾಗದ ಹಾಕಿ ಒಣದಾಗಿ ಉಜ್ಜಲೇಬಾರದು. ಹಳೆಯ ಕೆಲವು ಡಾಂಬರು ಅಂಟುಗಳಲ್ಲಿ ಆಸ್ಬೆಸ್ಟಾಸ್ ನಾರು ಬೆರೆಸುತ್ತಿದ್ದರು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಪೆಟ್ರೋಲನ್ನಂತೂ ಹತ್ತಿರ ತರಬೇಡಿ. ಮೈಗೆ ಅಂಟಿದ್ದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಸೋಪಿನಿಂದ ತೊಳೆದರೆ ಹೋಗುತ್ತದೆ.

ಉಳಿದ ಕಸ ಮತ್ತು ದಾಸ್ತಾನು ಕೋಣೆ

ಚಕ್ಕೆಗಳನ್ನೂ ಕೆಟ್ಟ ಬಿಲ್ಲೆಗಳನ್ನೂ ಅಡಕೆ ಬೇಯಿಸುವ ಒಲೆಗೆ ಹಾಕುವವರಿದ್ದಾರೆ. ಚೆನ್ನಾಗಿ ಉರಿಯುವುದು ನಿಜ. ಆದರೆ ಆ ಹೊಗೆಯನ್ನು ಕುಡಿಯುವವರು ಒಲೆಯ ಮುಂದೆ ಕೂತ ನಮ್ಮ ಹೆಣ್ಣುಮಕ್ಕಳು, ಆಳುಗಳು. ಗೊಬ್ಬರದ ಗುಂಡಿಗೂ, ತೋಟದ ಕಾಲುವೆಗೂ ಬೇಡ. ಹಳೆಯ ಡಬ್ಬದಲ್ಲಿ ತುಂಬಿ ಮುಚ್ಚಿಟ್ಟು, ಪಂಚಾಯಿತಿಯ ಕಸ ವಿಲೇವಾರಿಯವರನ್ನು ಕೇಳಿ ಒಪ್ಪಿಸಿ.

ದಾಸ್ತಾನು ಕೋಣೆಗೆ ಮಾತ್ರ ಈ ಬಿಲ್ಲೆ ಬೇಡವೆಂಬುದು ನನ್ನ ಖಚಿತ ಸಲಹೆ. ಅಲ್ಲಿ ಗಾರೆಯ ನೆಲದ ಮೇಲೆ ಹೊಸ ಮರದ ಅಟ್ಟಣೆ ಹಾಕಿ ಚೀಲ ಪೇರಿಸುವುದೇ ಮೇಲು. ಉಪ್ಪರಿಗೆಗೆ ಧಾರಾಳವಾಗಿ ಹಾಸಿ. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಗೋಡೆಯ ಸುತ್ತ ಅರ್ಧ ಇಂಚು ಜಾಗ ಬಿಡುವುದನ್ನು ಮರೆಯದಿರಿ.

ಇಷ್ಟೆಲ್ಲ ಶ್ರಮ ಬೇಕೇ ಎಂದರೆ, ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ, ಒಕ್ಕಲೆದ್ದವರು ಕಂಬ, ತೊಲೆ, ಬಾಗಿಲುಗಳನ್ನು ಹೇರಿಕೊಂಡು ಬಂದು ಹೊಸ ಊರಿನಲ್ಲಿ ಮನೆ ಎಬ್ಬಿಸಿದರು. ಹಳೆಯ ಮರವನ್ನು ಬಿಸಾಡದ ಸೀಮೆ ನಮ್ಮದು. ಬಿಲ್ಲೆ ತಂದ ಸದಸ್ಯರು ಈಗ ಚಳಿಗಾಲಕ್ಕೆ ಕಾಯುತ್ತಿದ್ದಾರೆ. ಕೊನೆ ಕೊಯ್ಲಿನ ಗಡಿಬಿಡಿಯಲ್ಲೂ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡರೆ ಅವರ ಕೆಲಸ ಸಂಕ್ರಾಂತಿಯೊಳಗೆ ಮುಗಿಯುತ್ತದೆ. ಪರೀಕ್ಷೆ ಮಾಡಿ ನೋಡಬೇಕೆನ್ನುವವರು ಒಂದು ಬಿಲ್ಲೆ ಹಿಡಿದುಕೊಂಡು ಸಂಘದ ಕಛೇರಿಗೆ ಬರಬಹುದು.