ಸಾಲಿನಿಂದ ಮರ: ಪಿಎಚ್‌ಪಿಯಲ್ಲಿ ಅರೇಯೊಳಗೆ ಅರೇ

ಸಂಘದ ವಿಳಾಸಪಟ್ಟಿಯಲ್ಲಿ ಪ್ರತಿ ಮನೆಯ ಜಾಗವನ್ನು ನಾವು ಒಂದೇ ಸಾಲಲ್ಲಿ ಬರೆದಿಡ್ತೀವಿ: “ನೈರೋಬಿ/ಲಂಗಾಟಾ/ಕರೆನ್”. ಅಂದರೆ ಕೌಂಟಿ, ಕ್ಷೇತ್ರ, ವಾರ್ಡ್. ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಅದೇ ವಾರ್ಡಿನ ಕನ್ನಡದವರು ತಕ್ಷಣ ಸಿಗಬೇಕಲ್ಲ? ಅದಕ್ಕೆ ಕೌಂಟಿಯೊಳಗೆ ಕ್ಷೇತ್ರ, ಕ್ಷೇತ್ರದೊಳಗೆ ವಾರ್ಡ್ ಇರುವ ಅರೇ ಬೇಕು. ಲಂಗಾಟಾ ಒಂದರಲ್ಲೇ ಕರೆನ್, ಸೌತ್ ಸಿ, ನೈರೋಬಿ ವೆಸ್ಟ್ ಸೇರಿ 5 ವಾರ್ಡುಗಳಿವೆ. ಇಡೀ ಕೆನ್ಯಾದಲ್ಲಿ 1,450. ಇಷ್ಟನ್ನೂ ಕೈಯಲ್ಲಿ ಬರೆಯೋದು ಆಗದ ಮಾತು.

ದಾರಿ ಸರಳ. ಮೊದಲು ‘ಎಕ್ಸ್‌ಪ್ಲೋಡ್’ ಫಂಕ್ಷನ್ನಿನಿಂದ ಸಾಲನ್ನು ತುಂಡು ಮಾಡಬೇಕು. ಆಮೇಲೆ ಒಂದು ರೆಫರೆನ್ಸ್ ವೇರಿಯಬಲ್ ಬೇಕು. ಅದು ಮರದ ಮೇಲಿಟ್ಟ ಬೆರಳಿದ್ದ ಹಾಗೆ. ಬುಡದಿಂದ ಶುರುಮಾಡಿ, ಲೂಪಿನಲ್ಲಿ ಒಂದೊಂದು ತುಂಡಿಗೂ ಬೆರಳನ್ನು ಆ ಹೆಸರಿನ ಕೊಂಬೆಗೆ ಸರಿಸುತ್ತಾ ಹೋಗಬೇಕು. ಕೊಂಬೆ ಇಲ್ಲದಿದ್ದರೆ, ರೆಫರೆನ್ಸ್ ತೆಗೆದುಕೊಳ್ಳುವಾಗಲೇ ಪಿಎಚ್‌ಪಿ ಅದನ್ನು ಸೃಷ್ಟಿಸುತ್ತದೆ. ಮುಂದಿನ ಸಾಲಿಗೆ ಮುನ್ನ ಬೆರಳನ್ನು ಮತ್ತೆ ಬುಡಕ್ಕೆ ತರಬೇಕು, ಅದೂ ಆಂಪರ್ಸಂಡ್ ಚಿಹ್ನೆ ಹಾಕಿಯೇ. ಬಿಟ್ಟರೆ ಬೆರಳು ಸರಿಯುವುದಿಲ್ಲ. ಹಿಂದಿನ ಎಲೆಯೊಳಗೇ ಇಡೀ ಮರದ ನಕಲು ಕೂತುಬಿಡುತ್ತದೆ.

ಮನೆಗಳು ಸದ್ದಿಲ್ಲದೆ ಕಳೆದುಹೋಗುವ ಜಾಗ ಎರಡು.

ಒಂದು, ಬೇರ್ಪಡಿಸುವ ಗುರುತು. 2013ರ ಚುನಾವಣೆಗಾಗಿ ಲಂಗಾಟಾದಿಂದ ಬೇರೆಯಾದ ಕಿಬ್ರಾ ಕ್ಷೇತ್ರದಲ್ಲಿ “ವುಡ್ಲಿ/ಕೆನ್ಯಾಟಾ ಗಾಲ್ಫ್ ಕೋರ್ಸ್” ಅನ್ನೋ ವಾರ್ಡ್ ಇದೆ. ಹೆಸರಿನಲ್ಲೇ ಓರೆಗೆರೆ! ಎಕ್ಸ್‌ಪ್ಲೋಡ್‌ಗೆ ಅದು ಎರಡು ಹಂತವಾಗಿ ಕಾಣುತ್ತದೆ, ವಾರ್ಡಿನೊಳಗೆ ಇನ್ನೊಂದು ವಾರ್ಡ್ ಹುಟ್ಟುತ್ತದೆ. ಹಾಗಾಗಿ ಯಾವ ಹೆಸರಲ್ಲೂ ಬಾರದ ಗುರುತು, ಉದಾಹರಣೆಗೆ ನಿಂತ ಗೆರೆ, ಒಳ್ಳೆಯದು.

ಎರಡು, ಉದ್ದದ ಮತ್ತು ಗಿಡ್ಡ ಸಾಲುಗಳು. ವಾರ್ಡ್ ಗೊತ್ತಿಲ್ಲದವರು ಬರೀ “ನೈರೋಬಿ|ಲಂಗಾಟಾ” ಅಂತ ಬರೆಸಿರುತ್ತಾರೆ. ಕೊನೆಗೆ ತಲುಪಿದ ಜಾಗಕ್ಕೆ ಮನೆಯನ್ನು ನೇರವಾಗಿ ಅಸೈನ್ ಮಾಡಿದರೆ, ಈ ಒಂದು ಸಾಲು ಅದಕ್ಕೂ ಮೊದಲು ಸೇರಿಸಿದ್ದ ಲಂಗಾಟಾದ ಎಲ್ಲ ವಾರ್ಡುಗಳನ್ನೂ ಅಳಿಸುತ್ತದೆ. ಎರರ್ ಕೂಡ ಬರೋದಿಲ್ಲ. ಆದ್ದರಿಂದ ತಲುಪಿದ ಕಡೆ “_ಮನೆಗಳು” ಅನ್ನೋ ಬೇರೆ ಕೀ ಇಟ್ಟು, ಅದರ ಪಟ್ಟಿಯ ತುದಿಗೆ ಸೇರಿಸಬೇಕು. ಆಗ ಒಂದೇ ವಾರ್ಡಿನ ಹತ್ತು ಮನೆಗಳೂ ಉಳಿಯುತ್ತವೆ.

ಕೊನೆಗೆ ಮರದಲ್ಲಿರುವ ಮನೆಗಳನ್ನು ಎಣಿಸಿ. ಸಾಲುಗಳ ಸಂಖ್ಯೆಗೆ ತಾಳೆಯಾಗದಿದ್ದರೆ ಯಾರೋ ಒಬ್ಬರ ಮನೆ ಬಿಟ್ಟುಹೋಗಿದೆ ಅಂತಲೇ ಅರ್ಥ.