ಪ್ಲೇಆಫ್ ದಿಗ್ಗಜರು: ಯಾರು ಶ್ರೇಷ್ಠ, ಅಳೆಯುವುದು ಹೇಗೆ?

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು ಎಂಬ ಚರ್ಚೆ ಆರಂಭವಾದರೆ ಮೂರು ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಅವು ಬಿಲ್ ರಸೆಲ್, ಮೈಕೆಲ್ ಜೋರ್ಡಾನ್ ಮತ್ತು ಲೆಬ್ರಾನ್ ಜೇಮ್ಸ್. ರಸೆಲ್ ಪರ ವಾದಿಸುವವರು 11 ಚಾಂಪಿಯನ್ ಪಟ್ಟಗಳನ್ನು ಮುಂದಿಡುತ್ತಾರೆ. ಆಡಿದ ಆರು ಫೈನಲ್‌ಗಳಲ್ಲಿ ಆರನ್ನೂ ಗೆದ್ದದ್ದು ಜೋರ್ಡಾನ್ ಅಭಿಮಾನಿಗಳ ಅಸ್ತ್ರ. ಪ್ಲೇಆಫ್ ಪಂದ್ಯಗಳಲ್ಲಿ 8 ಸಾವಿರ ಅಂಕಗಳ ಗಡಿ ದಾಟಿದ ಮೊದಲಿಗ ಎಂಬುದು ಜೇಮ್ಸ್ ಬೆಂಬಲಿಗರ ಉತ್ತರ.

ಮೂರೂ ಅಂಕಿ-ಅಂಶಗಳು ನಿಜ. ಆದರೆ ಅವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಹೋಲಿಕೆಯ ತೊಡಕು ಇರುವುದೇ ಇಲ್ಲಿ.

ಪ್ಲೇಆಫ್ ಏಕೆ ಭಿನ್ನ?

ಎನ್‌ಬಿಎಯ ಪ್ಲೇಆಫ್ ಐಪಿಎಲ್‌ನಂತೆ ಒಂದೆರಡು ಪಂದ್ಯಗಳಲ್ಲಿ ಮುಗಿಯುವಂಥದ್ದಲ್ಲ. ಲೀಗ್ ಹಂತದಲ್ಲಿ ಪ್ರತಿ ತಂಡ 82 ಪಂದ್ಯಗಳನ್ನು ಆಡಿದ ಮೇಲೆ 16 ತಂಡಗಳು ಪ್ಲೇಆಫ್ ಸರಣಿಗಳಿಗೆ ಅರ್ಹತೆ ಪಡೆಯುತ್ತವೆ. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದ ತಂಡಕ್ಕೆ ಮುನ್ನಡೆ. ಇಂತಹ ನಾಲ್ಕು ಸರಣಿಗಳನ್ನು ಗೆದ್ದವರಿಗೇ ಕಿರೀಟ.

ದುರ್ಬಲ ತಂಡಗಳು ಆಗಲೇ ನಿರ್ಗಮಿಸಿರುತ್ತವೆ. ಒಂದೇ ಎದುರಾಳಿಯನ್ನು ಎರಡು ವಾರಗಳ ಅವಧಿಯಲ್ಲಿ ಏಳು ಬಾರಿಯವರೆಗೂ ಎದುರಿಸಬೇಕಾಗುವುದರಿಂದ ಆಟಗಾರನ ಪ್ರತಿಯೊಂದು ದೌರ್ಬಲ್ಯವನ್ನೂ ಎದುರಾಳಿ ಕೋಚ್ ಗುರುತಿಸಿರುತ್ತಾರೆ. ಹೀಗಾಗಿ ಲೀಗ್ ಹಂತದ ಸರಾಸರಿಯನ್ನು ಪ್ಲೇಆಫ್‌ನಲ್ಲಿ ಉಳಿಸಿಕೊಳ್ಳುವುದೇ ಒಂದು ಸಾಧನೆ. ಹೆಚ್ಚಿಸಿಕೊಳ್ಳುವುದು ಕೆಲವರಿಗೆ ಮಾತ್ರ ಸಾಧ್ಯ.

ಸರಾಸರಿ ಹೇಳುವುದೇನು?

ಜೋರ್ಡಾನ್ ಮತ್ತು ವಿಲ್ಟ್ ಚೇಂಬರ್ಲೇನ್ ಇಬ್ಬರದೂ ಲೀಗ್ ಹಂತದ ಸರಾಸರಿ ಪಂದ್ಯವೊಂದಕ್ಕೆ 30.1 ಅಂಕ. ಆದರೆ 179 ಪ್ಲೇಆಫ್ ಪಂದ್ಯಗಳಲ್ಲಿ ಜೋರ್ಡಾನ್ ಸರಾಸರಿ 33.4ಕ್ಕೆ ಏರಿದರೆ, 160 ಪಂದ್ಯಗಳಲ್ಲಿ ಚೇಂಬರ್ಲೇನ್ ಸರಾಸರಿ 22.5ಕ್ಕೆ ಇಳಿದಿದೆ. ಮೇಲ್ನೋಟಕ್ಕೆ ತೀರ್ಪು ಸುಲಭ.

ಸ್ವಲ್ಪ ಆಳಕ್ಕೆ ಇಳಿದರೆ ಚಿತ್ರ ಬದಲಾಗುತ್ತದೆ. ಚೇಂಬರ್ಲೇನ್ ಆಡಿದ ಪ್ಲೇಆಫ್ ಪಂದ್ಯಗಳಲ್ಲಿ ಅರ್ಧದಷ್ಟು ಅವರ ವೃತ್ತಿಜೀವನದ ಕೊನೆಯ ಐದು ಋತುಗಳಲ್ಲಿ, ಲಾಸ್ ಏಂಜಲೀಸ್ ಲೇಕರ್ಸ್ ಪರ ಆಡಿದಂಥವು. ಆ ವೇಳೆಗೆ ಅಂಕ ಗಳಿಕೆಯ ಹೊಣೆ ಬಹುಮಟ್ಟಿಗೆ ಇತರರ ಪಾಲಾಗಿತ್ತು. ಅದಕ್ಕೂ ಮಿಗಿಲಾಗಿ, ಎಂಟು ಬಾರಿ ಅವರಿಗೆ ಎದುರಾದದ್ದು ರಕ್ಷಣಾ ಆಟದಲ್ಲಿ ಸಾಟಿಯಿಲ್ಲದ ರಸೆಲ್ ಅವರ ಬಾಸ್ಟನ್ ಸೆಲ್ಟಿಕ್ಸ್ ತಂಡ. ಅದರಲ್ಲಿ ಏಳು ಸರಣಿಗಳು ಸೆಲ್ಟಿಕ್ಸ್ ಪಾಲಾದವು. ಇಷ್ಟಾಗಿಯೂ ಚೇಂಬರ್ಲೇನ್ ಅವರ ರೀಬೌಂಡ್ ಸರಾಸರಿ ಪ್ಲೇಆಫ್‌ನಲ್ಲಿ 22.9ರಿಂದ 24.5ಕ್ಕೆ ಏರಿತ್ತು ಎಂಬುದನ್ನು ಮರೆಯುವಂತಿಲ್ಲ.

ಪ್ರಶಸ್ತಿಯೇ ಅಳತೆಗೋಲೇ?

ಹಾಗಾದರೆ ಗೆದ್ದ ಪಟ್ಟಗಳನ್ನು ಎಣಿಸಿದರೆ ಸಾಕಲ್ಲವೇ? ಈ ವಾದಕ್ಕೆ 1969ರ ಫೈನಲ್ ಸರಣಿಯೇ ಉತ್ತರ. ಲೇಕರ್ಸ್‌ನ ಜೆರ್ರಿ ವೆಸ್ಟ್ ಮೊದಲ ಪಂದ್ಯದಲ್ಲೇ 53 ಅಂಕ ಗಳಿಸಿದರು. ಸರಣಿಯುದ್ದಕ್ಕೂ ಅವರ ಸರಾಸರಿ 37.9. ನಿರ್ಣಾಯಕ ಏಳನೇ ಪಂದ್ಯದಲ್ಲಿ 42 ಅಂಕ, 13 ರೀಬೌಂಡ್, 12 ಅಸಿಸ್ಟ್. ಆದರೂ ಸೆಲ್ಟಿಕ್ಸ್ 108-106ರಿಂದ ಗೆದ್ದಿತು. ಆ ವರ್ಷವೇ ಆರಂಭವಾದ ಫೈನಲ್ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ವೆಸ್ಟ್ ಅವರಿಗೆ ಸಂದಿತು. ಸೋತ ತಂಡದ ಆಟಗಾರನಿಗೆ ಈ ಗೌರವ ದೊರೆತದ್ದು ಅದೊಂದೇ ಬಾರಿ. ಒಂಬತ್ತು ಫೈನಲ್ ಆಡಿದ ವೆಸ್ಟ್ ಗೆದ್ದದ್ದು 1972ರಲ್ಲಿ ಒಮ್ಮೆ ಮಾತ್ರ. ಕಿರೀಟದ ಲೆಕ್ಕವೇ ಅಂತಿಮ ಎನ್ನುವುದಾದರೆ ಇಂತಹ ಆಟಗಾರ ಪಟ್ಟಿಯಿಂದಲೇ ಮರೆಯಾಗಬೇಕಾಗುತ್ತದೆ.

ಜೋರ್ಡಾನ್ ವೃತ್ತಿಜೀವನದಲ್ಲೂ ಇದೇ ಪಾಠವಿದೆ. 1986ರಲ್ಲಿ ಸೆಲ್ಟಿಕ್ಸ್ ವಿರುದ್ಧ ಅವರು ಗಳಿಸಿದ 63 ಅಂಕ ಪ್ಲೇಆಫ್ ಪಂದ್ಯವೊಂದರ ದಾಖಲೆ. ಆದರೆ ಷಿಕಾಗೊ ಬುಲ್ಸ್ ಆ ಪಂದ್ಯವನ್ನೂ ಸೋತಿತು, ಸರಣಿಯನ್ನೂ 3-0ಯಿಂದ ಕಳೆದುಕೊಂಡಿತು. ಮೊದಲ ಪಟ್ಟಕ್ಕಾಗಿ ಅವರು 1991ರವರೆಗೆ ಕಾಯಬೇಕಾಯಿತು.

2007ರಿಂದ 2020ರ ಅವಧಿಯಲ್ಲಿ ಜೇಮ್ಸ್ 10 ಫೈನಲ್ ಆಡಿ ನಾಲ್ಕನ್ನು ಗೆದ್ದರು. ಆರು ಸೋಲುಗಳನ್ನು ಟೀಕಾಕಾರರು ಎತ್ತಿ ಆಡುತ್ತಾರೆ. ಆದರೆ 2015ರ ಸೋಲಿನಲ್ಲಿ ಪ್ರಮುಖ ಸಹ ಆಟಗಾರರು ಗಾಯಗೊಂಡಿದ್ದಾಗ ಅವರ ಸರಾಸರಿ 35.8 ಅಂಕವಿತ್ತು. ಮರುವರ್ಷ ಲೀಗ್ ಹಂತದಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ 1-3ರ ಹಿನ್ನಡೆಯಿಂದ ಚೇತರಿಸಿಕೊಂಡು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಪಟ್ಟಕ್ಕೇರಿತು. ಫೈನಲ್‌ಗೇ ಬಾರದೆ ಹೊರಬೀಳುವುದಕ್ಕಿಂತ ಫೈನಲ್‌ನಲ್ಲಿ ಸೋಲುವುದು ದೊಡ್ಡ ಕಳಂಕ ಎಂಬ ತರ್ಕ ನಿಲ್ಲುವಂಥದ್ದಲ್ಲ.

ಕಾಲದ ಅಂತರ

ರಸೆಲ್ 1957ರಿಂದ 1969ರ ನಡುವೆ 13 ಋತುಗಳಲ್ಲಿ 11 ಪಟ್ಟ ಗೆದ್ದರು. ಆರಂಭದ ವರ್ಷಗಳಲ್ಲಿ ಲೀಗ್‌ನಲ್ಲಿದ್ದುದು ಎಂಟೇ ತಂಡ. ಅಗ್ರಸ್ಥಾನ ಪಡೆದವರಿಗೆ ಎರಡು ಸರಣಿ ಗೆದ್ದರೆ ಸಾಕಿತ್ತು. ಇಂದು ತಂಡಗಳ ಸಂಖ್ಯೆ 30. ಹಾಗೆಂದು ರಸೆಲ್ ಸಾಧನೆ ಕಿರಿದಾಗದು. ಅವರು ಆಡಿದ 10 ಏಳನೇ ಪಂದ್ಯಗಳಲ್ಲಿ ಸೆಲ್ಟಿಕ್ಸ್ ಒಮ್ಮೆಯೂ ಸೋಲಲಿಲ್ಲ. ಕೊನೆಯ ಎರಡು ಪಟ್ಟಗಳ ವೇಳೆ ತಂಡದ ಕೋಚ್ ಕೂಡ ಅವರೇ.

ದಾಖಲೆಗಳ ಕೊರತೆ ಮತ್ತೊಂದು ತೊಡಕು. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಎಣಿಸಲಾರಂಭಿಸಿದ್ದು 1973-74ರಲ್ಲಿ. ಎದುರಾಳಿಯ ಎಸೆತ ತಡೆಯುವುದರಲ್ಲೇ ಹೆಸರಾದ ರಸೆಲ್ ಅವರ ಮುಖ್ಯ ಕೊಡುಗೆಗೆ ಅಧಿಕೃತ ಲೆಕ್ಕವೇ ಇಲ್ಲ. ಮೂರು ಅಂಕದ ಗೆರೆ ಬಂದದ್ದು 1979-80ರಲ್ಲಿ. ದೂರದಿಂದ ಗುರಿಯಿಡುವಲ್ಲಿ ನಿಪುಣರಾಗಿದ್ದ ವೆಸ್ಟ್‌ಗೆ ಅದರ ಲಾಭ ದೊರೆಯಲೇ ಇಲ್ಲ.

ಅಂಕ ಗಳಿಕೆಯೊಂದೇ ಅಲ್ಲ

1980ರ ಫೈನಲ್‌ನ ಆರನೇ ಪಂದ್ಯದಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಗಾಯಗೊಂಡು ಹೊರಗುಳಿದಾಗ, 20ರ ಹರೆಯದ ಮ್ಯಾಜಿಕ್ ಜಾನ್ಸನ್ ತಮ್ಮದಲ್ಲದ ಸೆಂಟರ್ ಸ್ಥಾನದಿಂದ ಆಟ ಆರಂಭಿಸಿ 42 ಅಂಕ, 15 ರೀಬೌಂಡ್, 7 ಅಸಿಸ್ಟ್‌ಗಳೊಂದಿಗೆ ಲೇಕರ್ಸ್‌ಗೆ ಪಟ್ಟ ತಂದರು. 2003ರ ಫೈನಲ್‌ನ ಕೊನೆಯ ಪಂದ್ಯದಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಟಿಮ್ ಡಂಕನ್ ಗಳಿಸಿದ್ದು 21 ಅಂಕ ಮಾತ್ರ. ಆದರೆ ಜತೆಗೆ 20 ರೀಬೌಂಡ್, 10 ಅಸಿಸ್ಟ್ ಮತ್ತು 8 ಬ್ಲಾಕ್‌ಗಳಿದ್ದವು. 2023ರಲ್ಲಿ ಡೆನ್ವರ್ ನಗ್ಗೆಟ್ಸ್‌ನ ನಿಕೋಲಾ ಯೊಕಿಚ್ ಒಂದೇ ಪ್ಲೇಆಫ್‌ನಲ್ಲಿ ಒಟ್ಟು ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಮೊದಲಿಗರಾದ ಪ್ರಥಮ ಆಟಗಾರ ಎನಿಸಿದರು.

ಆದ್ದರಿಂದ ನ್ಯಾಯವಾದ ಹೋಲಿಕೆಗೆ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕಾಗುತ್ತದೆ. ಲೀಗ್ ಹಂತಕ್ಕಿಂತ ಆಟದ ಮಟ್ಟ ಏರಿತೇ? ಎದುರಾಳಿ ಯಾರು? ಜತೆಗೆ ಆಡಿದವರು ಯಾರು? ಅಂದಿನ ನಿಯಮಗಳೇನು? ದೀರ್ಘಕಾಲದ ಬಾಳಿಕೆಗೆ ಜೇಮ್ಸ್, ಅಂಕ ಗಳಿಕೆಯ ತೀವ್ರತೆಗೆ ಜೋರ್ಡಾನ್, ಗೆಲುವಿನ ಸಾತತ್ಯಕ್ಕೆ ರಸೆಲ್ ಎಂದರೆ ತಪ್ಪಾಗಲಾರದು. ಆದರೆ ಚಾಂಪಿಯನ್ ಪಟ್ಟ ಐವರು ಆಟಗಾರರ ತಂಡಕ್ಕೆ ಸಲ್ಲುವಂಥದ್ದು. ಅದನ್ನು ಒಬ್ಬನ ಯೋಗ್ಯತೆಯ ಪ್ರಮಾಣಪತ್ರವೆಂದು ಭಾವಿಸಿದರೆ ವೆಸ್ಟ್ ಅವರಂತಹ ಆಟಗಾರರಿಗೆ ಅನ್ಯಾಯವಾಗುವುದು ಖಚಿತ.