ಲ್ಯಾಪ್‌ಟಾಪು ಕಾಯುವುದೇಕೆ? ತಣಿಸುವುದು ಹೇಗೆ?

ನಮ್ಮ ಶಾಲೆಯ ಗಣಕಯಂತ್ರಗಳ ಕೋಣೆಯಲ್ಲಿ ಹಳೆಯದೊಂದು ಲ್ಯಾಪ್‌ಟಾಪು ಇದೆ. ಕಳೆದ ವರ್ಷ ಅದಕ್ಕೆ ವಿಚಿತ್ರವಾದ ಜ್ವರ ಬಂದಿತ್ತು. ತೆರೆದು ಕಾಲು ಗಂಟೆಯಾಗುವುದರೊಳಗೆ ತಳವು ಕಾದ ಹಂಚಿನಂತಾಗುವುದು. ಒಳಗಿನ ಬೀಸಣಿಗೆ ಭೋರೆಂದು ಸದ್ದು ಮಾಡುವುದು. ಒತ್ತಿದ ಅಕ್ಷರ ಎಷ್ಟೋ ಹೊತ್ತಿನ ಮೇಲೆ ತೆರೆಯಲ್ಲಿ ಮೂಡುವುದು. ಕೊನೆಗೆ ಹೇಳದೆ ಕೇಳದೆ ಯಂತ್ರವು ಕಣ್ಣು ಮುಚ್ಚಿಬಿಡುವುದು. ಹತ್ತನೆಯ ತರಗತಿಯವರು ಮೂರು ದಿನ ಕುಳಿತು ಬರೆದ ಪ್ರಬಂಧದ ಕೊನೆಯ ಪುಟಗಳು ಒಮ್ಮೆ ಹೀಗೆಯೇ ಕಾಣೆಯಾದುವು. ದುರಸ್ತಿಯ ಅಂಗಡಿಯವರೊಬ್ಬರು ಮೇಲುಮೇಲೆ ನೋಡಿ, “ಇದರ ಕಾಲ ಮುಗಿಯಿತು, ಹೊಸದನ್ನು ಕೊಳ್ಳಿರಿ” ಎಂದರು. ಹೊಸದನ್ನು ಕೊಳ್ಳುವ ಅನುಕೂಲ ಶಾಲೆಗಿರಲಿಲ್ಲ. ಇನ್ನೊಬ್ಬರು ತಿರುಪುಗಳನ್ನು ಬಿಚ್ಚಿ ತೋರಿಸಿದಾಗ ನಮಗೆ ತಿಳಿದುದೇನೆಂದರೆ, ಯಂತ್ರಕ್ಕೆ ಬಂದುದು ಮುಪ್ಪಲ್ಲ, ಧೂಳಿನ ಬಾಧೆ! ಅಂದಿನಿಂದ ನಾವು ಈ ವಿಷಯವನ್ನು ಸ್ವಲ್ಪ ವಿಚಾರಮಾಡತೊಡಗಿದೆವು. ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು, ಕಾವು ಎಲ್ಲಿಂದ ಬರುವುದೆಂಬುದನ್ನು ನೋಡೋಣ. ಲ್ಯಾಪ್‌ಟಾಪಿನ ಹೃದಯಸ್ಥಾನದಲ್ಲಿ ಪ್ರೊಸೆಸರ್ ಎಂಬ ಚಿಪ್ ಉಂಟು. ಹೆಬ್ಬೆರಳ ಉಗುರಿನಷ್ಟು ಅಗಲದ ಸಿಲಿಕಾನಿನ ಹಲ್ಲೆಯಲ್ಲಿ ನೂರಾರು ಕೋಟಿ ಸೂಕ್ಷ್ಮ ಸ್ವಿಚ್ಚುಗಳು ಎಡೆಬಿಡದೆ ತೆರೆದು ಮುಚ್ಚುತ್ತಿರುತ್ತವೆ. ನೀರೆತ್ತುವ ಪಂಪು ವಿದ್ಯುತ್ತನ್ನು ಬಳಸಿ ನೀರನ್ನು ಮೇಲಿನ ತೊಟ್ಟಿಗೆ ಏರಿಸುತ್ತದೆ. ಪ್ರೊಸೆಸರು ಯಾವ ಭಾರವನ್ನೂ ಎತ್ತುವುದಿಲ್ಲ. ಆದುದರಿಂದ ಅದು ತೆಗೆದುಕೊಂಡ ವಿದ್ಯುಚ್ಛಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳಬೇಕು. ಶಕ್ತಿಯು ನಾಶವಾಗದು, ರೂಪವನ್ನು ಮಾತ್ರ ಬದಲಿಸುವುದೆಂದು ನಾವು ಪಾಠದಲ್ಲಿ ಓದಿಲ್ಲವೆ? ಸಾಮಾನ್ಯವಾದ ಲ್ಯಾಪ್‌ಟಾಪಿನ ಪ್ರೊಸೆಸರು ದುಡಿಯುವಾಗ ೧೫ ರಿಂದ ೪೫ ವಾಟಿನಷ್ಟು ಶಕ್ತಿಯನ್ನು ಬಳಸುವುದುಂಟು. ಹಳೆಯ ಮಾದರಿಯ ೪೦ ವಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರು ಅದರ ಬಿಸಿಯನ್ನು ಮರೆಯಲಾರರು. ಅಷ್ಟು ಕಾವು ಉಗುರಿನಗಲದ ಜಾಗದಲ್ಲಿ ಹುಟ್ಟಿದರೆ ಹೇಗಿರಬೇಡ!

ಹುಟ್ಟಿದ ಶಾಖವನ್ನು ಹೊರಕ್ಕೆ ಸಾಗಿಸುವ ಏರ್ಪಾಡು ಬಹಳ ಜಾಣತನದ್ದು. ಚಿಪ್ಪಿನ ಮೇಲೆ ತಾಮ್ರದ ಒಂದು ತಟ್ಟೆ ಕುಳಿತಿರುತ್ತದೆ. ಎರಡು ಲೋಹಗಳನ್ನು ಎಷ್ಟೇ ನುಣುಪು ಮಾಡಿ ಒತ್ತಿದರೂ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿದು, ಅವುಗಳಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರವು ಗಾಳಿಗಿಂತ ಸುಮಾರು ೧೫,೦೦೦ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸಬಲ್ಲುದು. ಎಂದಮೇಲೆ ಆ ತೆಳುವಾದ ಗಾಳಿಯೇ ದೊಡ್ಡ ಅಡ್ಡಗೋಡೆಯಾಯಿತು. ಅದನ್ನು ನಿವಾರಿಸಲು ನಡುವೆ ಶಾಖವಾಹಕವಾದ ಲೇಪವೊಂದನ್ನು ಹಚ್ಚಿರುತ್ತಾರೆ. ಕೆಲವು ವರ್ಷಗಳಲ್ಲಿ ಈ ಲೇಪವು ಒಣಗಿ ಬಿರುಕುಬಿಡುವುದುಂಟು.

ತಾಮ್ರದ ತಟ್ಟೆಗೆ ಚಪ್ಪಟೆಯಾದ ಒಂದು ನಳಿಗೆಯನ್ನು ಬೆಸೆದಿರುತ್ತಾರೆ. ಮೇಲುನೋಟಕ್ಕೆ ಅದು ಬರಿಯ ಕೊಳವೆ. ಒಳಗೆ ಮಾತ್ರ ಪುಟ್ಟದೊಂದು ಮಳೆಗಾಲವೇ ನಡೆಯುತ್ತಿರುತ್ತದೆ! ಗಾಳಿಯನ್ನು ತೆಗೆದು ಮುಚ್ಚಿದ ಆ ನಳಿಗೆಯಲ್ಲಿ ಸ್ವಲ್ಪ ನೀರಿದೆ. ಒತ್ತಡ ಕಡಮೆಯಾದುದರಿಂದ ಅದು ೧೦೦ ಡಿಗ್ರಿಗಿಂತ ಎಷ್ಟೋ ಕೆಳಗೇ ಆವಿಯಾಗುತ್ತದೆ. ಚಿಪ್ಪಿನ ಕಡೆಯಲ್ಲಿ ಆವಿಯಾದ ನೀರು ತಂಪಾದ ಇನ್ನೊಂದು ತುದಿಗೆ ಧಾವಿಸಿ, ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ಹನಿಯಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ, ನಳಿಗೆಯ ಒಳಮೈಯ ಸೂಕ್ಷ್ಮರಂಧ್ರಗಳು ಆ ನೀರನ್ನು ಹಿಂದಕ್ಕೆ ಎಳೆದು ತರುತ್ತವೆ. ಇಂಥ ಶಾಖನಳಿಗೆಯನ್ನು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ೧೯೬೩ರಲ್ಲಿ ಮಾಡಿ ತೋರಿಸಿದರು. ವ್ಯೋಮನೌಕೆಗಳಲ್ಲಿ ಬಳಕೆಗೆ ಬಂದ ಸಾಧನವು ಇಂದು ನಮ್ಮ ಮೇಜಿನ ಮೇಲೆ ದುಡಿಯುತ್ತಿದೆ.

ನಳಿಗೆಯ ತಂಪಾದ ತುದಿಯಲ್ಲಿ ಲೋಹದ ತೆಳ್ಳನೆಯ ಹಲ್ಲುಗಳ ಸಾಲೊಂದಿದೆ. ಮುಂಬಯಿಯಲ್ಲಿ ನಾವು ಬಿಸಿ ಚಹವನ್ನು ಬಶಿಗೆ ಹೊಯ್ದುಕೊಂಡು ಊದುವುದಿಲ್ಲವೆ? ಬಶಿಯಲ್ಲಿ ಚಹ ಅಗಲವಾಗಿ ಹರಡಿ ಗಾಳಿಗೆ ಹೆಚ್ಚಾಗಿ ಮೈಯೊಡ್ಡುವುದರಿಂದ ಬೇಗ ಆರುತ್ತದೆ. ಲೋಹದ ಹಲ್ಲುಗಳು ಇಲ್ಲಿ ಬಶಿಯ ಕೆಲಸವನ್ನು ಮಾಡುತ್ತವೆ. ಊದುವ ಕೆಲಸವನ್ನು ಬೀಸಣಿಗೆ ಮಾಡುತ್ತದೆ. ತಳದ ಕಂಡಿಗಳಿಂದ ತಂಗಾಳಿಯನ್ನು ಎಳೆದುಕೊಂಡು, ಬಿಸಿಗಾಳಿಯನ್ನು ಪಕ್ಕದಿಂದಲೋ ಹಿಂದಿನಿಂದಲೋ ಹೊರಕ್ಕೆ ನೂಕುವುದು ಹೆಚ್ಚಿನ ಲ್ಯಾಪ್‌ಟಾಪುಗಳ ರೀತಿ.

ಈ ದಾರಿಯಲ್ಲಿ ಎಲ್ಲಿ ತಡೆಯುಂಟಾದರೂ ಯಂತ್ರ ಕಾಯುವುದು. ನಗರದ ನಮ್ಮ ಮನೆಗಳಲ್ಲಿ ಅಡುಗೆ, ಓದು, ನಿದ್ರೆ ಮೂರೂ ಒಂದೇ ಕೋಣೆಯಲ್ಲಿ ನಡೆಯುವುದು ಅಪರೂಪವೇನಲ್ಲ. ಹಾಸಿಗೆಯ ಹತ್ತಿಯೆಳೆ, ರಸ್ತೆಯ ಧೂಳು, ಒಗ್ಗರಣೆಯ ಎಣ್ಣೆಹೊಗೆ ಇವು ಸೇರಿ ಬೀಸಣಿಗೆಗೂ ಹಲ್ಲುಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಮೆತ್ತಿಕೊಳ್ಳುತ್ತವೆ. ನಮ್ಮ ಶಾಲೆಯ ಯಂತ್ರದಲ್ಲಿ ಕಂಡುದು ಇದೇ. ಹಾಸಿಗೆಯ ಮೇಲೆಯೋ ದಿಂಬಿನ ಮೇಲೆಯೋ ಇಟ್ಟರೆ ತಳದ ಕಂಡಿಗಳು ಮುಚ್ಚಿಹೋಗುವುವು. ಇದು ಓಡುವವನ ಮೂಗನ್ನು ಹಿಡಿದಂತೆಯೇ ಸರಿ. ಇದಲ್ಲದೆ, ಕೋಣೆಯ ಗಾಳಿಗಿಂತ ತಂಪಾಗಿ ಯಂತ್ರವನ್ನು ಇರಿಸಲು ಯಾವ ಬೀಸಣಿಗೆಗೂ ಸಾಧ್ಯವಿಲ್ಲ. ಕೋಣೆ ೨೫ ಡಿಗ್ರಿಯ ಬದಲು ೩೫ ಡಿಗ್ರಿ ಇದ್ದರೆ, ಅದೇ ಕೆಲಸಕ್ಕೆ ಚಿಪ್ಪಿನ ಉಷ್ಣತೆಯೂ ಸುಮಾರು ೧೦ ಡಿಗ್ರಿ ಏರುವುದು.

ಕಾದರೆ ಕೆಡುವುದೇನು? ಪ್ರೊಸೆಸರಿನ ಉಷ್ಣತೆ ೧೦೦ ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಬಂದರೆ ಅದು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅಕ್ಷರಗಳು ತಡವಾಗಿ ಮೂಡುವುದು ಇದರಿಂದಲೇ. ಅಷ್ಟಕ್ಕೂ ತಣಿಯದಿದ್ದರೆ ಯಂತ್ರ ನಿಂತೇ ಹೋಗುವುದು. ಇವು ರೋಗವಲ್ಲ, ಆತ್ಮರಕ್ಷಣೆಯ ಉಪಾಯಗಳು. ಆದರೆ ಲಿಥಿಯಮ್ ಬ್ಯಾಟರಿಗೆ ಇಂಥ ತಾಳ್ಮೆಯಿಲ್ಲ. ಸದಾ ಕಾವಿನಲ್ಲಿದ್ದರೆ ಅದು ಬೇಗ ಮುಪ್ಪಾಗುವುದು. ಒಳಗೆ ಅನಿಲ ಹುಟ್ಟಿ ಉಬ್ಬುವುದೂ ಉಂಟು. ಉಬ್ಬಿದ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ನಮ್ಮ ಮೈಗೂ ಅಪಾಯವಿದೆ. ತಿಂಗಳುಗಟ್ಟಲೆ ದಿನವೂ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ ೧೨ ವರ್ಷದ ಬಾಲಕನೊಬ್ಬನ ಎಡತೊಡೆಯ ಚರ್ಮದಲ್ಲಿ ಬಲೆಯಂಥ ಕಂದುಗಲೆ ಮೂಡಿದುದನ್ನು ಸ್ವಿಟ್ಜರ್ಲೆಂಡಿನ ವೈದ್ಯರು ೨೦೧೦ರಲ್ಲಿ ವರದಿಮಾಡಿದರು. ಸುಡುವಷ್ಟು ಬಿಸಿಯಲ್ಲದ ಕಾವೂ ಬಹುಕಾಲ ತಗುಲಿದರೆ ಚರ್ಮಕ್ಕೆ ಕೇಡೇ.

ಇನ್ನು ಪರಿಹಾರ. ಖರ್ಚಿಲ್ಲದ ಉಪಾಯಗಳನ್ನೇ ಮೊದಲು ಮಾಡತಕ್ಕದ್ದು. ಯಂತ್ರವನ್ನು ಗಟ್ಟಿಯಾದ ಸಮತಟ್ಟು ಹಲಗೆಯ ಮೇಲಿಡಬೇಕು. ಅದರ ಹಿಂದಿನ ಎರಡು ಮೂಲೆಗಳ ಕೆಳಗೆ, ಕಂಡಿಗಳನ್ನು ಮುಚ್ಚದಂತೆ, ಸಮ ಎತ್ತರದ ಎರಡು ಬಿಲ್ಲೆಗಳನ್ನಿಟ್ಟರೆ ತಳಕ್ಕೆ ಗಾಳಿ ಸರಾಗವಾಗಿ ಹೋಗುವುದು. ಬಿಸಿಲು ಬೀಳುವ ಕಿಟಕಿಯನ್ನೂ ಒಲೆಯ ಹತ್ತಿರವನ್ನೂ ಬಿಡಬೇಕು. ಬಳಿಕ, ಯಾವ ಕೆಲಸ ಪ್ರೊಸೆಸರನ್ನು ದುಡಿಸುತ್ತಿದೆಯೆಂಬುದನ್ನು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ, ಬೇಡದುದನ್ನು ಮುಚ್ಚಬೇಕು. ನಾವು ಏನೂ ಮಾಡದಿರುವಾಗಲೂ ಹಿಂದೆ ಏನೋ ಓಡುತ್ತಿರುವುದುಂಟು.

ಸದ್ದು ಜೋರಾಗಿದ್ದು ಹೊರಬರುವ ಗಾಳಿ ಕ್ಷೀಣವಾಗಿದ್ದರೆ ಧೂಳು ಕಟ್ಟಿದೆಯೆಂದು ತಿಳಿಯಬಹುದು. ಆಗ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಚಾರ್ಜರನ್ನು ಕಳಚಿ, ಕಂಡಿಗಳ ಧೂಳನ್ನು ಒಣಗಿದ ಮೆತ್ತನೆಯ ಕುಂಚದಿಂದ ತೆಗೆಯಬೇಕು. ಮುಚ್ಚಳವನ್ನು ಬಿಚ್ಚುವ ಕೆಲಸವನ್ನು ಬಲ್ಲ ಹಿರಿಯರಿಗೆ ಬಿಡುವುದೇ ಲೇಸು. ಅವರು ಗಾಳಿ ಊದುವಾಗ ಬೀಸಣಿಗೆಯ ರೆಕ್ಕೆಯನ್ನು ತಿರುಗದಂತೆ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ಸುತ್ತಿ ಕೆಡಬಹುದು. ಧೂಳು ತೆಗೆದ ಮೇಲೂ ಕಾವು ಇಳಿಯದಿದ್ದರೆ ಲೇಪವನ್ನು ಹೊಸದಾಗಿ ಹಚ್ಚಿಸುವುದಿದೆ. ಬೀಸಣಿಗೆ ತಿರುಗದೆಯೇ ಇದ್ದರೆ ಅದನ್ನು ಬದಲಿಸಬೇಕು. ಬೀಸಣಿಗೆಯೇ ಇಲ್ಲದ ಲ್ಯಾಪ್‌ಟಾಪುಗಳೂ ಉಂಟು. ಅವಕ್ಕೆ ಸದ್ದಿನ ಪರೀಕ್ಷೆ ಸಲ್ಲದು.

ಮಾಡಬಾರದುದೂ ಕೆಲವಿವೆ. ತಣಿಯಲೆಂದು ಯಂತ್ರವನ್ನು ಫ್ರಿಜ್ಜಿನಲ್ಲಿಡಕೂಡದು. ಹೊರತೆಗೆದಾಗ ಮುಂಬಯಿಯ ತೇವದ ಗಾಳಿ ಒಳಗೆಲ್ಲ ಹನಿಗಟ್ಟುವುದು. ಒದ್ದೆ ಬಟ್ಟೆಯೂ ಬೇಡ. ತಳ ಉಬ್ಬಿದ್ದರೆ ಅಥವಾ ಬೆರಳಾಡಿಸುವ ಫಲಕ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿದೆಯೆಂದು ಶಂಕಿಸಿ, ಕೂಡಲೆ ಚಾರ್ಜು ಮಾಡುವುದನ್ನು ನಿಲ್ಲಿಸಿ ಹಿರಿಯರಿಗೆ ತಿಳಿಸಬೇಕು. ಅಂಥ ಬ್ಯಾಟರಿಯನ್ನು ಒತ್ತಕೂಡದು, ಕಸದ ಬುಟ್ಟಿಗೂ ಹಾಕಕೂಡದು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ಭಾರತ ಸರ್ಕಾರದ ೨೦೨೨ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.

ನಮ್ಮಲ್ಲಿ ಅನೇಕರ ಮನೆಯಲ್ಲಿ ಅಣ್ಣ, ಅಕ್ಕ, ತಮ್ಮ, ತಂಗಿ ಎಲ್ಲರಿಗೂ ಸೇರಿ ಇರುವುದು ಒಂದೇ ಲ್ಯಾಪ್‌ಟಾಪು. ಅದು ಎರಡು ವರ್ಷ ಹೆಚ್ಚಿಗೆ ಬಾಳಿದರೆ ತಂದೆತಾಯಿಗಳಿಗೆ ಎಷ್ಟು ಹಗುರವಾಗುವುದೆಂಬುದನ್ನು ಹೇಳಬೇಕಾದುದಿಲ್ಲ. ಕಾರಣವನ್ನು ಅರಿಯದವನು ‘ಕಾಲ ಮುಗಿಯಿತು’ ಎನ್ನುವನು. ಅರಿತವನು ಕುಂಚವನ್ನು ಕೈಗೆತ್ತಿಕೊಳ್ಳುವನು. ನಮ್ಮ ಶಾಲೆಯ ಆ ಹಳೆಯ ಯಂತ್ರ ಈಗ ಎರಡು ಪಾಠದ ಅವಧಿ ನಿಲ್ಲದೆ ನಡೆಯುತ್ತದೆ. ಈ ಲೇಖನವನ್ನೂ ನಾವು ಅದರಲ್ಲಿಯೇ ಬೆರಳಚ್ಚು ಮಾಡಿದೆವು. ಒಂದು ಸಲವೂ ಅದು ಕಣ್ಣು ಮುಚ್ಚಲಿಲ್ಲ.